ಸ್ಟೂಲಿನ ನಾಲ್ಕು ತುಂಡುಗಳು

ಯಜಮಾನರಿಗೆ ನಮಸ್ಕಾರ.

ಎದುರಿನ ದೊಡ್ಡ ಗಡಿಯಾರದಂಗಡಿಯವರು ಒಂದೂವರೆ ಪಟ್ಟು ಸಂಬಳಕ್ಕೆ ಕರೆದದ್ದು ನಿಜ. ನಾನಿನ್ನೂ ಹೂಂ ಅಂದಿರಲಿಲ್ಲ. ಹದಿನಾಲ್ಕು ವರ್ಷದ ಕಿಟಕಿ ಬೆಳಕು, ಊಟವಾದ ಮೇಲೆ ನೀವು ಕಂಡೂ ಕಾಣದಂತೆ ಬಿಡುತ್ತಿದ್ದ ಸಣ್ಣ ನಿದ್ದೆ, ಇವನ್ನು ಬಿಟ್ಟುಹೋಗಲು ಮನಸ್ಸು ಒಪ್ಪಲಿಲ್ಲ. "ದುಡ್ಡೇ ದೊಡ್ಡದಲ್ಲ ಕಣೇ" ಎಂದು ಹೆಂಡತಿಯ ಬಾಯಿ ಮುಚ್ಚಿಸಿ, ಇಲ್ಲೇ ಇರುತ್ತೇನೆಂದು ಹೇಳಲು ನಿನ್ನೆ ಬೆಳಿಗ್ಗೆ ಬಂದೆ.

ಕೂತರೆ ಮಂಡಿ ಗದ್ದಕ್ಕೆ ತಾಗಿತು. ನನ್ನ ಸ್ಟೂಲಿನ ಕಾಲುಗಳನ್ನು, ನನ್ನ ಜಾಗಕ್ಕೆ ಕೂರಿಸಲಿರುವ ನಿಮ್ಮ ಗಿಡ್ಡ ಅಳಿಯನ ಅಳತೆಗೆ ಕೊಯ್ಸಿದ್ದೀರಿ. "ಹೇಗೂ ಹೋಗೋನಲ್ವೇನಯ್ಯ?" ಅಂದಿರಿ. ನನ್ನನ್ನೊಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆಗಲಿ, ಎದುರಿನ ಅಂಗಡಿ ಸೇರಿದ್ದೇನೆ. ಕೊಯ್ದ ನಾಲ್ಕು ತುಂಡುಗಳನ್ನು ದಯವಿಟ್ಟು ಕೊಟ್ಟು ಕಳಿಸಿ. ಇಲ್ಲಿನ ಸ್ಟೂಲು ನನಗೆ ಗಿಡ್ಡ.

ಇಂತಿ,
ನಿಮ್ಮವನಾಗಿದ್ದ ರಿಪೇರಿಯವನು