ಪೆನ್ಸಿಲ್ ಗೆರೆ

ಯಜಮಾನರಿಗೆ,

ವಕೀಲರ ಮೂಲಕ ನೀವು ಕೇಳಿದ್ದ ಹದಿನೆಂಟು ವರ್ಷದ ಸಿಂಗಲ್ ಮಾಲ್ಟ್ ವಿಸ್ಕಿ ಬಾಟಲಿಯನ್ನು ಇದರ ಜೊತೆ ಕಳಿಸಿದ್ದೇನೆ. ಶೂ, ಕೋಟು ಬೇರೆ ಪೆಟ್ಟಿಗೆಯಲ್ಲಿವೆ.

ಲೇಬಲ್ ಮೇಲೆ ನೀವು ಎಳೆದಿದ್ದ ಪೆನ್ಸಿಲ್ ಗೆರೆ ಹಾಗೇ ಇದೆ. ಕಣ್ಣಿನ ಆಪರೇಷನ್ನಿಗೆ ಬಂದಿದ್ದ ನನ್ನಮ್ಮನನ್ನು ಗೆಳೆಯರೆದುರು ನಿಲ್ಲಿಸಿ, "ಗೆರೆಯಿಂದ ಎರಡು ಬೆರಳು ಇಳಿದಿದೆಯಲ್ಲ ಅತ್ತೆ, ರುಚಿ ಹೇಗಿತ್ತು?" ಎಂದು ಕೇಳಿದಿರಲ್ಲ, ಅದೇ ಗೆರೆ. ಕುಡಿದದ್ದು ತಾನೇ ಎಂದು ನಿಮ್ಮ ತಮ್ಮ ಹೋದ ವಾರ ನನ್ನೆದುರು ಒಪ್ಪಿಕೊಂಡ. ಅವತ್ತು ನಿಮ್ಮ ಪಕ್ಕದಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನೂ ಅವನೇ.

ಭಾನುವಾರ ಮಧ್ಯಾಹ್ನ ನನ್ನ ಗೆಳತಿಯರು ಬಂದಿದ್ದರು, ಟೈಲರಕ್ಕ ಮತ್ತು ಗಣಿತದ ಟೀಚರ್. ನೀವು ಗೆಳೆಯರಿಗೆ ಪಾಠ ಮಾಡುತ್ತಿದ್ದಂತೆಯೇ ಮೊದಲು ಮೂಸಿ, ನಾಲ್ಕು ಹನಿ ನೀರು ಬೆರೆಸಿ, ನಿಧಾನವಾಗಿ ಕುಡಿದೆವು. ಇಷ್ಟು ವರ್ಷ ನಿಮ್ಮ ಲೋಟ ತೊಳೆದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಎರಡನೇ ಸುತ್ತಿಗೆ ಟೀಚರ್ ಎದ್ದು ನಿಮ್ಮ ಹಾಗೆ ನಡೆದು ತೋರಿಸಿದರು. ಅಮ್ಮನಿಗೂ ಕೊಟ್ಟೆ. "ಥೂ, ಇದಕ್ಕಾ ನನ್ನನ್ನ ಕಳ್ಳಿ ಮಾಡಿದ್ದು?" ಎಂದಳು. ಆಮೇಲೆ ಮತ್ತೆ ಲೋಟ ಚಾಚಿದಳು.

ತಳದಲ್ಲಿ ಒಂದು ಬೆರಳಿನಷ್ಟು ನಿಮಗೆಂದು ಉಳಿಸಿದ್ದೇವೆ. ಅಲ್ಲಿ ಕಾಗದದ ಪಟ್ಟಿ ಅಂಟಿಸಿ ಹೊಸ ಗೆರೆ ಎಳೆದವಳು ಅಮ್ಮ. ಅವಳಿಗೀಗ ಕಣ್ಣು ಚೆನ್ನಾಗಿ ಕಾಣುತ್ತದೆ, ಗೆರೆ ನೆಟ್ಟಗಿದೆ.

ದಯವಿಟ್ಟು ಅಳತೆ ಈಗಲೇ ನೋಡಿಕೊಳ್ಳಿ. ಒಂದು ಹನಿ ಕಮ್ಮಿ ಕಂಡರೂ, ಬಾಟಲಿ ಹಿಡಿದು ನಿಮ್ಮೆದುರು ನಿಂತಿದ್ದಾನಲ್ಲ ನಿಮ್ಮ ತಮ್ಮ, ಅವನನ್ನೇ ಕೇಳಿ, ರುಚಿ ಹೇಗಿತ್ತು ಅಂತ.

ಇಂತಿ,
ಇನ್ನು ನಿಮ್ಮ ಲೋಟ ತೊಳೆಯದವಳು