ಎರಡೂ ಎಡಗಡೆಯಾದ ಸ್ವೆಟರ್

ತೀರ್ಥರೂಪ ಅಪ್ಪನಿಗೆ,

ಕೊಟ್ಟ ಮಾತನ್ನು ಮುರಿದು ಕುಳಿತಿರುವ ನಿನ್ನ ಮಗಳ ನಮಸ್ಕಾರ. ನನಗೀಗ ಎಂಟು ತಿಂಗಳು. ಹೊಸದುರ್ಗದ ನಮ್ಮ ಮನೆಗೇ ಬಂದಿದ್ದೇನೆ, ನಿನ್ನ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಕೂಸಿಗೆ ಸ್ವೆಟರ್ ಹೆಣೆದಿದ್ದೇನೆ. ಹೌದು, ಹುಟ್ಟುವ ಮೊದಲೇ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಪೂರ್ತಿ ಓದು.

ನಾಲ್ಕು ವರ್ಷದ ಹಿಂದೆ ನನ್ನ ಮೊದಲ ಕೂಸಿಗೆಂದು ನೀನು ಇದೇ ಮಿಷನ್ನಿನಲ್ಲಿ ಜಬ್ಲಾ ಹೊಲಿದದ್ದು ನೆನಪಿದೆಯಾ? ಕೂಸಿಗೆ ಮೊದಲು ಹಾಕುವುದು ಹಳೇ ಬಟ್ಟೆಯೇ ಆಗಬೇಕು, ಹುಟ್ಟುವ ಮುಂಚೆ ಹೊಸದನ್ನು ಹೊಲಿಯಬಾರದು ಎಂದು ಅವ್ವ ಎಷ್ಟು ಹೇಳಿದರೂ ನೀನು ಕೇಳಲಿಲ್ಲ. “ಊರೋರ ಮಕ್ಳಿಗೆಲ್ಲ ಹೊಲಿದೀನಿ, ನನ್ ಮೊಮ್ಮಗೂಗೆ ಹಳೇ ಸೀರೆ ಸುತ್ತಾಣೇನು?” ಎಂದು ನಕ್ಕಿದ್ದೆ ನೀನು. ಅಂಗೈಯಗಲದ ಬಿಳಿ ಜಬ್ಲಾ, ಅದಕ್ಕೂ ಒಂದು ಕಾಲರ್. ಹುಟ್ಟಿದಾಗ ಮಗುವಿಗೆ ಉಸಿರಿರಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ದಿನ ನೀನು ನನ್ನ ಮುಖ ನೋಡದೆ ಹೇಳಿದೆ: “ನನ್ ಕೈಯಿಂದ್ಲೇ ಆತು ಕಣವ್ವ. ಮುಂದಿನ್ ಸರ್ತಿ ಒಂದೆಳೆ ದಾರನೂ ಮುಟ್ಟಬ್ಯಾಡ. ಮಾತು ಕೊಡು.” ನಾನು ತಲೆಯಾಡಿಸಿದೆ. ಅಲ್ಲಿಂದ ಮುಂದೆ ಮಕ್ಕಳ ಬಟ್ಟೆ ಹಿಡಿದು ಬಂದವರನ್ನೆಲ್ಲ ನೀನು ವಾಪಸ್ ಕಳಿಸಿದೆ. ಎರಡು ವರ್ಷಕ್ಕೆ ನೀನೂ ಹೋದೆ.

ಹೋದ ತಿಂಗಳು ಡಾಕ್ಟರಮ್ಮನಿಗೆ ತೋರಿಸಲು ಚಿತ್ರದುರ್ಗಕ್ಕೆ ಹೋಗಿದ್ದವಳು ಬೇಕೆಂದೇ ಉಲ್ಲನ್ ಅಂಗಡಿ ಹೊಕ್ಕೆ. ಹಳದಿ ಉಲ್ಲನ್, ಎರಡು ಕಡ್ಡಿ, ಜೊತೆಗೆ ಹೆಣೆಯುವ ವಿಧಾನ ಅಚ್ಚಾದ ಒಂದು ಹಾಳೆ. ಇಂಗ್ಲಿಷಿನದನ್ನು ಯಾರೋ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ್ದರು. ‘ನಕ್ಷತ್ರದಿಂದ ಪುನಃ ಮಾಡಿ’ ಅಂತೆ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಸಾಲಿನ ನಡುವೆ ಸೊಳ್ಳೆಯಷ್ಟು ಸಣ್ಣ ನಕ್ಷತ್ರದ ಗುರುತು ಕಂಡಿತು. ಅಲ್ಲಿಂದ ಮತ್ತೆ ಶುರು ಮಾಡು ಎಂದರ್ಥ. ನೆಟ್ಟಗೆ ಹಾಗೆಂದು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬೆನ್ನಿನ ಭಾಗ ಹೇಗೋ ಆಯಿತು. ಎಡ ಮುಂಭಾಗಕ್ಕೆ ಹನ್ನೆರಡು ಸಾಲು ವಿವರಣೆಯಿತ್ತು, ಬಲಕ್ಕೆ ಒಂದೇ ಸಾಲು: ‘ಎಡದಂತೆಯೇ ಹೆಣೆಯಿರಿ, ಆಕಾರ ತಿರುಗಿಸಿ.’ ನಾನು ದರ್ಜಿಯ ಮಗಳಲ್ಲವಾ, ಇಷ್ಟೇ ತಾನೇ ಅಂದುಕೊಂಡೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಂದೇ ಸಲ ಕತ್ತರಿ ಆಡಿಸಿದರೆ ಎಡ ಬಲ ಎರಡೂ ಸಿಗುತ್ತವೆ ಎಂದು ನೀನು ಕಲಿಸಿದಾಗ ನಾನಿನ್ನೂ ಏಳನೇ ಕ್ಲಾಸು. ಎಡದಂಥದ್ದೇ ಇನ್ನೊಂದು ಹೆಣೆದು ಮಗುಚಿಬಿಟ್ಟರೆ ಬಲ ಆಯಿತಲ್ಲ! ಒಂದು ವಾರ ಹೆಣೆದು ಜೋಡಿಸಿ ನೋಡಿದರೆ ಒಂದು ಕಡೆ ನುಣ್ಣಗಿದೆ, ಇನ್ನೊಂದು ಕಡೆ ಒಳಮೈಯ ಗಂಟುಗಂಟು ಸಾಲುಗಳು ಹೊರಗೆ ಬಂದಿವೆ. ನಿನ್ನ ಪಾಪ್ಲಿನ್ನಿಗೆ ಎರಡೂ ಮೈ ಒಂದೇ, ಹೆಣಿಗೆಗೆ ಹಾಗಲ್ಲ. ನಮ್ಮಂಥ ಮನೆಯವರೇ ಮಾಡಬೇಕು ಇಂಥ ತಪ್ಪನ್ನು.

ಅವ್ವ ಅದನ್ನು ಕಂಡವಳೇ ನನ್ನ ಮಡಿಲಿನಿಂದ ಆಚೆ ಸರಿಸಿದಳು. “ನೋಡಿದ್ಯಾ, ಬ್ಯಾಡ ಅಂತ ಅದೇ ಹೇಳ್ತಾ ಐತೆ. ಬಿಚ್ಚಿ ಎತ್ತಿಡು, ಕೂಸು ಬಂದ್ಮ್ಯಾಲೆ ಹೆಣೆದ್ರಾತು.”

“ಅದೇನೂ ಹೇಳ್ತಿಲ್ಲ ಬಿಡವ್ವ. ಬರ್ದೋರಿಗೆ ಸರಿಯಾಗಿ ಹೇಳಾಕೆ ಬಂದಿಲ್ಲ, ಅಷ್ಟೇ” ಎಂದೆ ನಾನು. ಬಿಚ್ಚಿದೆ, ಎತ್ತಿಡಲಿಲ್ಲ. ನೀನು ಅಳತೆ ಗೀಚುತ್ತಿದ್ದ ಖಾಕಿ ಕಾಗದದ ಮೇಲೆ ಒಂದೊಂದು ಸಾಲನ್ನೂ ನನ್ನ ಕನ್ನಡದಲ್ಲಿ ಬಿಡಿಸಿ ಬರೆದೆ. ಎಡಭಾಗದಲ್ಲಿ ಕತ್ತಿನ ಇಳಿತಕ್ಕೆ ಸಾಲಿನ ಕೊನೆಯಲ್ಲಿ ಕುಣಿಕೆ ಕಡಿಮೆ ಮಾಡಿದ್ದರೆ, ಬಲದಲ್ಲಿ ಸಾಲಿನ ಶುರುವಿನಲ್ಲೇ ಕಡಿಮೆ ಮಾಡಬೇಕು. ಇಷ್ಟೇ ಅಪ್ಪಾ. ಎರಡನೇ ಸಲ ಹೆಣೆದಾಗ ಬಲಭಾಗ ಸರಿಯಾಗಿ ಕುಳಿತುಕೊಂಡಿತು.

ಉಲ್ಲನ್ ಅಂಗಡಿಗೆ ಹೋಗುವ ಮುಂಚೆ ಆ ದಿನ ಇನ್ನೊಂದು ನಡೆಯಿತು, ಅದನ್ನು ಹೇಳಲೆಂದೇ ಈ ಕಾಗದ. ಡಾಕ್ಟರಮ್ಮ ಹಳೇ ಚೀಟಿಗಳನ್ನೆಲ್ಲ ತಿರುವಿ ಹಾಕುತ್ತಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ಮುಂಚೇನೇ ಬಟ್ಟೆ ಹೊಲಿದಿದ್ವಿ ಮೇಡಂ. ಅದಕ್ಕೇನಾದ್ರೂ…” ಆಕೆ ನಗಲಿಲ್ಲ. “ನಿಮಗೆ ಬಿಪಿ ಏರಿತ್ತು ಕಣಮ್ಮ. ಕಾಲು ಊದಿದ್ರೂ ಕೊನೇ ತಿಂಗಳು ತೋರ್ಸಾಕೆ ಬಂದಿಲ್ಲ ನೀವು. ಕೂಸಿಗೆ ರಕ್ತ ಸರಿಯಾಗಿ ಹೋಗಿಲ್ಲ. ಬಟ್ಟೆ ಏನ್ ಮಾಡ್ತೈತೆ ಪಾಪ?” ಎಂದರು. ಬಸುರಿಯರಿಗೆ ಕಾಲು ಊದುವುದು ಇದ್ದದ್ದೇ ಎಂದು ನಾವೆಲ್ಲ ಸುಮ್ಮನಿದ್ದೆವಲ್ಲ, ಅದು. ನಿನ್ನ ಜಬ್ಲಾ ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಅತ್ತುಬಿಟ್ಟೆ. ಎರಡು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ತಿರುಗಿದೆಯಲ್ಲ, ಒಬ್ಬರನ್ನಾದರೂ ಕೇಳಬಾರದಿತ್ತಾ? ನಾನಾದರೂ ಆಗಲೇ ಕೇಳಿದ್ದರೆ…

ಈಗ ಹದಿನೈದು ದಿನಕ್ಕೊಮ್ಮೆ ತಪ್ಪದೆ ತೋರಿಸಿಕೊಂಡು ಬರುತ್ತೇನೆ. ಹೆಣ್ಣಾದರೆ ಬಲಕ್ಕೆ ಗುಂಡಿಯ ಕಾಜಾ, ಗಂಡಾದರೆ ಎಡಕ್ಕೆ ಎನ್ನುತ್ತದೆ ಹಾಳೆ. ಬಲಕ್ಕೇ ಮಾಡಿದ್ದೇನೆ, ಗಂಡಾದರೂ ಅದನ್ನೇ ಹಾಕಿಕೊಳ್ಳಲಿ. ಇವತ್ತು ಬೆಳಿಗ್ಗೆ ಗುಂಡಿ ಹಚ್ಚಲು ಕುಳಿತಾಗ ಅವ್ವ ಪಕ್ಕಕ್ಕೆ ಬಂದು ಕೂತಳು. “ಐದ್ರಾಗೆ ಒಂದ್ ಗುಂಡಿನಾದ್ರೂ ಬಿಡವ್ವ. ಪೂರ್ತಿ ಆಗಿಲ್ಲ ಅಂತನಾದ್ರೂ ಇರ್ಲಿ.” ಅವಳ ಹೆದರಿಕೆ ನನಗೂ ಇದೆ ಅಪ್ಪಾ. ಒಳಗೆ ಸ್ವಲ್ಪ ಹೊತ್ತು ಮಿಸುಕಾಟ ನಿಂತರೆ ಕಡ್ಡಿ ಕೆಳಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತೇನೆ. ಆದರೂ ಒಂದು ಗುಂಡಿ ಬಿಟ್ಟರೆ, ತಪ್ಪು ನಿನ್ನದೇ ಎಂದು ನಾನೂ ಒಪ್ಪಿದ ಹಾಗಾಗುತ್ತದೆ. ಐದನೆಯದನ್ನೂ ಹೊಲಿದು ದಾರ ಕಡಿದೆ. ಮುಂದಿನ ತಿಂಗಳು ಏನಾಗುತ್ತದೋ ನನಗೆ ಗೊತ್ತಿಲ್ಲ. ಏನೇ ಆಗಲಿ, ಅದನ್ನು ಈ ಸ್ವೆಟರಿನ ತಲೆಗೆ ಕಟ್ಟಲು ನಾನು ಯಾರಿಗೂ ಬಿಡುವುದಿಲ್ಲ. ನಿನ್ನ ತಲೆಗೂ.

ಸುಜಾತ