ಇಳಿಸದ ಕ್ಲಾರಿನೆಟ್

ಮಾರ್ಚ್ 3, ಮಂಗಳವಾರ

ಕೆಳತುಟಿ ಮತ್ತೆ ಒಡೆದಿದೆ. ಒಳಗಡೆ, ಹಲ್ಲು ಒತ್ತುವ ಜಾಗದಲ್ಲೇ. ಕ್ಲಾರಿನೆಟ್ಟಿನ ರೀಡು ಒದ್ದೆ, ತುಟಿ ಮುದ್ದೆ. ಅಣ್ಣ ಹಲ್ಲಿನ ಡಾಕ್ಟರು. ಟಾರ್ಚ್ ಬಿಟ್ಟು ನೋಡಿ, ಒಂದು ವಾರ ಊದಬೇಡ ಅಂದ. ಕಾರ್ಯಕ್ರಮ ಶುಕ್ರವಾರ.

ಹಗಲೆಲ್ಲ ಬಣ್ಣದ ಕಂಪನಿಗೆ ಜಾಹೀರಾತು ಹೊಸೆದೆ. ‘ಬಿರುಕು ಮುಚ್ಚು, ಬೆರಗು ಹಚ್ಚು.’ ಮ್ಯಾನೇಜರ್ ಖುಷ್.

ಸಂಜೆ ರಿಹರ್ಸಲ್. ಈ ಕಾನ್ಸರ್ಟೊದಲ್ಲಿ ನಾನೊಬ್ಬ ಮುಂದೆ, ಆರ್ಕೆಸ್ಟ್ರಾ ಪೂರ್ತಿ ಹಿಂದೆ. ಕೊನೆಯ ಭಾಗದಲ್ಲೊಂದು ಕವಲು ಇದೆ. ಒಂದೇ ರಾಗ ಎರಡು ಸಲ ಬರುತ್ತದೆ. ಮೊದಲ ಸಲ ಬಂದಾಗ ನಾನು ಕ್ಲಾರಿನೆಟ್ ಕೆಳಗಿಳಿಸಿ ಸುಮ್ಮನೆ ನಿಲ್ಲಬೇಕು, ಅತ್ತಿಗೆಯ ಕೊಳಲು ಒಂಟಿಯಾಗಿ ಹಾಡುತ್ತದೆ. ಅದಾದ ಮೇಲೆ ನನಗೆ ಆ ಹಾಳು ಏರು — ಮೇಲೆ, ಇನ್ನೂ ಮೇಲೆ, ಉಸಿರು ಕಟ್ಟುವಷ್ಟು. ಎರಡನೆಯ ಸಲ ಬಂದರೆ ಏರೂ ಇಲ್ಲ, ಕೊಳಲೂ ಇಲ್ಲ. ನೇರ ಮುಕ್ತಾಯ.

ಅತ್ತಿಗೆ ಬ್ಯಾಂಕಿನವರು. ಮದುವೆಗೆ ಮೊದಲಿನಿಂದಲೂ ಹಿಂದಿನ ಸಾಲಿನಲ್ಲಿ ಕೂತು ಊದಿದವರಿಗೆ ಇದೇ ಮೊದಲ ಸೋಲೊ. ಅಣ್ಣನಿಗೆ ಸಂಗೀತ ಒಂದೇ, ಹಲ್ಲು ಕೊರೆಯುವ ಮಷೀನಿನದು. ಅವನಿಗೆ ಅತ್ತಿಗೆ ಗುರುತು ಹೇಳಿಕೊಟ್ಟಿದ್ದಾರೆ: ಇವನು ಕ್ಲಾರಿನೆಟ್ ಇಳಿಸಿದ ಕೂಡಲೇ ನಾನು. ಫೋನ್ ಆನ್ ಮಾಡಿ.

ಮಾರ್ಚ್ 6, ಶುಕ್ರವಾರ

ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೂಗುಚ್ಛ ಕೊಟ್ಟರು. ಸಿಂಕಿನಲ್ಲಿ ಇಟ್ಟಿದ್ದೇನೆ.

ಮಾರ್ಚ್ 7, ಶನಿವಾರ

ಬರೆದೇ ಬಿಡುತ್ತೇನೆ. ಕವಲು ಬಂತು. ಬಾಯಲ್ಲಿ ರಕ್ತದ ರುಚಿ. ಮುಂದಿನ ಏರು ಕಣ್ಣೆದುರಿಗೆ ನಿಂತಿತ್ತು... ಇಳಿಸಲಿಲ್ಲ. ಮೊದಲ ಸಲವೇ ಎರಡನೆಯ ಸಲದ ದಾರಿ ಹಿಡಿದುಬಿಟ್ಟೆ.

ಕಡ್ಡಿ ಮೇಷ್ಟ್ರು, ಅಂದರೆ ನಮ್ಮ ಕಂಡಕ್ಟರು, ಕಣ್ಣರಳಿಸಿದರು ಅಷ್ಟೇ. ಕೈ ಬೀಸಿ ಆರ್ಕೆಸ್ಟ್ರಾವನ್ನು ನನ್ನ ಹಿಂದೆ ಹಾರಿಸಿಕೊಂಡು ಬಂದರು. ಬೆನ್ನ ಹಿಂದೆ ಹಾಳೆ ಮಗುಚುವ ಸರಬರ. ಓರೆಗಣ್ಣಿಗೆ ಕಂಡದ್ದು ಒಂದೇ: ತುಟಿಗೆ ಹೋಗಿದ್ದ ಕೊಳಲು ಮೆಲ್ಲಗೆ ಮಡಿಲಿಗೆ ಇಳಿಯಿತು.

ಮೇಷ್ಟ್ರು ಬೈಯಲಿಲ್ಲ. ನೆನಪು ಕೈಕೊಡುವುದು ಎಲ್ಲರಿಗೂ ಇದ್ದದ್ದೇ, ದಾರಿ ತಪ್ಪಿದರೂ ಊರು ಸೇರಿದೆವಲ್ಲ ಎಂದು ಬೆನ್ನು ತಟ್ಟಿದರು. ತಪ್ಪಿದ್ದಲ್ಲ ಮೇಷ್ಟ್ರೇ, ತಪ್ಪಿಸಿಕೊಂಡದ್ದು ಎನ್ನಬೇಕಿತ್ತು. ಥ್ಯಾಂಕ್ಸ್ ಅಂದೆ.

ಇವತ್ತಿನ ಪೇಪರಿನಲ್ಲಿ ವಿಮರ್ಶೆ. ‘ಆತ್ಮವಿಶ್ವಾಸದ ವಾದನ. ಎಲ್ಲಿಯೂ ಉದ್ದವೆನಿಸಲಿಲ್ಲ.’ ಹೇಗೆ ಅನಿಸೀತು! ಆಫೀಸಿನಲ್ಲಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ. ನೀರು ಕುಡಿಯಲು ಹೋದರೆ ಎದುರಿಗೇ ಇದೆ. ಬಾಯಾರಿಕೊಂಡೇ ಕೂತೆ.

ನಿನ್ನೆ ಮನೆಗೆ ಬರುವಾಗ ಕಾರಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು. ಬೈದದ್ದಲ್ಲ, ತನ್ನದೇ ತಪ್ಪೇನೋ ಎಂಬಂತೆ ಅಂದ:

“ನೀನು ಅದನ್ನ ಕೆಳಗಿಳಿಸೋದನ್ನೇ ಕಾಯ್ತಾ ಕೂತಿದ್ದೆ ಕಣೋ. ಇಳಿಸಲೇ ಇಲ್ಲ. ನಾನೇ ಎಲ್ಲೋ ನೋಡ್ತಿದ್ನಾ?”

ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನೂ.

ಸಭೆ ತುಂಬಾ ಜನ ನನ್ನನ್ನು ಕೇಳಿದರು. ಸರಿಯಾಗಿ ಕೇಳಿದವನು ಅಣ್ಣನೊಬ್ಬ. ಅದೂ ಕಣ್ಣಿನಿಂದ.

ಮಾರ್ಚ್ 13, ಶುಕ್ರವಾರ

ಐದು ದಿನ ಪೆನ್ನೂ ಮುಟ್ಟಲಿಲ್ಲ, ಕ್ಲಾರಿನೆಟ್ಟೂ ಮುಟ್ಟಲಿಲ್ಲ. ತುಟಿ ಅರ್ಧ ಮಾಗಿದೆ, ಮುಖ ಪೂರಾ ಬಾಗಿದೆ. ಪ್ರಾಸ ಎಲ್ಲಿ ಹೋದರೂ ಬಿಡುವುದಿಲ್ಲ, ಸಾಲಗಾರನ ಹಾಗೆ.

ಭಾನುವಾರ ಎರಡನೆಯ ಷೋ. ಇವತ್ತು ರಿಹರ್ಸಲ್. ಏರಿನಲ್ಲಿ ಮೂರು ಸಲ ಬಿದ್ದೆ. ಮೇಷ್ಟ್ರು ಮೆಲ್ಲಗೆ, ಬೇಕಾದರೆ ಹೋದ ಸಲದಂತೆ ಹಾರಿಸಿಬಿಡೋಣ, ಜನಕ್ಕೆ ಗೊತ್ತಾಗಲ್ಲ ಅಂದರು. ಗಂಟಲಿನವರೆಗೆ ಬಂದಿತ್ತು ‘ಆಯ್ತು’. ಬೇಡ ಅಂದೆ.

ಅತ್ತಿಗೆ ಕೊಳಲು ಒರೆಸಿ ಪೆಟ್ಟಿಗೆಗೆ ಇಡುತ್ತಾ, ತಲೆ ಎತ್ತದೆ ಹೇಳಿದರು:

“ತುಟಿ ಕೈಕೊಡೋ ಹಾಗಿದ್ರೆ ಮೊದಲೇ ಹೇಳಿಬಿಡಪ್ಪ. ನಿಮ್ಮಣ್ಣನಿಗೆ ಬರಬೇಡಿ ಅಂತೀನಿ. ಪಾಪ, ಆವತ್ತು ಫೋನ್ ಹಿಡಿದೂ ಹಿಡಿದೂ ಕೈ ನೋವಂತೆ.”

ಮಾರ್ಚ್ 15, ಭಾನುವಾರ

ಇಳಿಸಿದೆ.

ಕವಲಿನಲ್ಲಿ ಕೈ ತಾನೇ ಕೆಳಗೆ ಬಂತು ಎಂದು ಬರೆದರೆ ಸುಳ್ಳು. ಎಳೆದು ಇಳಿಸಿದೆ. ಅತ್ತಿಗೆ ಊದಿದರು. ಮೊದಲ ಸ್ವರ ಸ್ವಲ್ಪ ನಡುಗಿತು, ಆಮೇಲೆ ಇಲ್ಲ. ಮುಗಿಯದಿದ್ದರೆ ಚೆನ್ನ ಅನಿಸಿತು, ಅರ್ಧ ಅದು ಚೆನ್ನಾಗಿದ್ದಕ್ಕೆ, ಇನ್ನರ್ಧ ಮುಂದಿನ ಸರದಿ ನನ್ನದಾದ್ದಕ್ಕೆ.

ಏರು. ತುದಿಯಲ್ಲಿ ಸ್ವರ ಸೀಳಿ ಹೋಯಿತು. ಬಾತುಕೋಳಿಯ ಬಾಲ ತುಳಿದ ಸದ್ದು. ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಗೆ ಚಪ್ಪಾಳೆ ಬಿತ್ತು, ಮರ್ಯಾದೆಗೆ. ಹೂಗುಚ್ಛ ಕೊಡುವವರ ಮುಖ ಬಾಡಿತ್ತು, ಹೂವು ಪರವಾಗಿರಲಿಲ್ಲ. ಅತ್ತಿಗೆಯ ಕೈಗೆ ದಾಟಿಸಿದೆ.

ಕಾರಿನಲ್ಲಿ ಅಣ್ಣ ರೆಕಾರ್ಡಿಂಗ್ ಹಾಕಿದ. ಮತ್ತೆ ಹಾಕಿದ. ಬರೀ ಕೊಳಲು. ನಾನು ಕ್ಲಾರಿನೆಟ್ ಎತ್ತಿದ ಕ್ಷಣಕ್ಕೆ ಆಫ್ ಮಾಡಿದ್ದಾನೆ. ನನ್ನ ಬಾತುಕೋಳಿ ಅದರಲ್ಲಿಲ್ಲ. ಇವತ್ತಿನದು ಇಷ್ಟು ಸಲೀಸಾಗಿ ಮುಚ್ಚಿಹೋಯಿತು ಎಂದು ಹಗುರಾಗುವಷ್ಟರಲ್ಲಿ ಅತ್ತಿಗೆ ಹಿಂದಿನ ಸೀಟಿಗೆ ತಿರುಗಿದರು.

“ಆವತ್ತು ನಿಜವಾಗ್ಲೂ ಮರೆತುಹೋಗಿತ್ತಾ?”

ಸಿಗ್ನಲ್ ಕೆಂಪಿತ್ತು. ಅಣ್ಣ ಫೋನಿನ ಸದ್ದು ಕಡಿಮೆ ಮಾಡಿದ. ನಾನು ಹೇಳಿದೆ, ಅತ್ತಿಗೆ, ಮರೆತಿರಲಿಲ್ಲ, ಏರಿಗೆ ಹೆದರಿ ಬೇಕೆಂದೇ ಇಳಿಸಲಿಲ್ಲ.